ಹಳೇ ಅಕ್ವೇರಿಯಂ ಮನೆಗೆ ತರುವ ಮುನ್ನ

ಬೀದಿಯಲ್ಲಿ ಯಾರಿಗಾದರೂ ವರ್ಗವಾಯಿತೆಂದರೆ ಮಾರಾಟಕ್ಕಿಟ್ಟ ಸಾಮಾನಿನಲ್ಲಿ ಮಂಚ, ವಾಷಿಂಗ್ ಮೆಷಿನ್ ಜೊತೆ ದೊಡ್ಡದೊಂದು ಅಕ್ವೇರಿಯಂ ಇದ್ದರೂ ಇರಬಹುದು. ನಾಲ್ಕಡಿ ತೊಟ್ಟಿ, ಸ್ಟ್ಯಾಂಡು, ಲೈಟು, ಮೋಟರು, ಕಲ್ಲು ಎಲ್ಲಾ ಸೇರಿಸಿ ಅರ್ಧ ಬೆಲೆಗೆ ಕೊಟ್ಟುಬಿಡ್ತೀವಿ ಅಂದರೆ ಯಾರಿಗೆ ಆಸೆಯಾಗುವುದಿಲ್ಲ ಹೇಳಿ? ಅಷ್ಟು ಹೊತ್ತಿಗೆ ನಿಮ್ಮ ಮಕ್ಕಳು ಮೀನುಗಳಿಗೆ ಹೆಸರಿಟ್ಟೂ ಆಗಿರುತ್ತದೆ! ಆದರೆ ದುಡ್ಡು ಎಣಿಸುವ ಮುನ್ನ ನೀವು ನೋಡಬೇಕಾದದ್ದು ಗಾಜಿನ ಹೊಳಪನ್ನಲ್ಲ, ಮೂಲೆಗಳಲ್ಲಿರುವ ಸಿಲಿಕಾನ್ ಅಂಟನ್ನು. ಮನೆಯವರು ಮೋಟರ್ ಎಷ್ಟು ವ್ಯಾಟಿನದು ಅಂತ ವಿಚಾರಿಸುತ್ತಾ ನಿಂತಿರಲಿ, ನೀವು ಮೂಲೆ ನೋಡಿ.

ಯಾಕೆಂದರೆ, ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ತುಂಬಿದರೆ ಸುಮಾರು 255 ಲೀಟರ್ ನೀರು. ಅಂದರೆ ಬರೀ ನೀರೇ 255 ಕೆ.ಜಿ. ಗಾಜು, ಕಲ್ಲು, ಸ್ಟ್ಯಾಂಡು ಸೇರಿದರೆ 300 ಕೆ.ಜಿ. ದಾಟುತ್ತದೆ. ಹಿಂದೆ ತೊಟ್ಟಿಗಳಿಗೆ ಲೋಹದ ಚೌಕಟ್ಟು, ಪುಟ್ಟಿ ಇರುತ್ತಿತ್ತು. ಈಗಿನ ಗಾಜಿನ ತೊಟ್ಟಿಗಳನ್ನು ಹಿಡಿದು ನಿಲ್ಲಿಸಿರುವುದು ಆ ಅಂಟೊಂದೇ. 2022ರ ಡಿಸೆಂಬರ್ 16ರಂದು ಬರ್ಲಿನ್ನಿನ ಹೋಟೆಲೊಂದರಲ್ಲಿದ್ದ ಭಾರೀ ಅಕ್ರಿಲಿಕ್ ಅಕ್ವೇರಿಯಂ ಒಡೆದು ಸುಮಾರು 10 ಲಕ್ಷ ಲೀಟರ್ ನೀರು ಬೀದಿಗೆ ನುಗ್ಗಿದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರಬಹುದು. ಅದರ ಮುಂದೆ ನಮ್ಮದು ಒಂದು ಲೋಟ, ನಿಜ. ಆದರೆ ಕೆಳಗಿನ ಮನೆಯವರ ಸೀಲಿಂಗ್ ಹಾಳಾಗಲು, ಸ್ವಿಚ್‌ಬೋರ್ಡಿಗೆ ನೀರಿಳಿಯಲು 255 ಲೀಟರ್ ಧಾರಾಳವಾಯಿತು.

ಆದ್ದರಿಂದ ನೀರು ತುಂಬಿರುವಾಗಲೇ ಹೋಗಿ ನೋಡಿ. ಹೊರಗಡೆ ಜೋಡಣೆಯ ಉದ್ದಕ್ಕೂ ಸುಣ್ಣದಂಥ ಬಿಳಿ ಗೆರೆ ಕಂಡರೆ ಅಲ್ಲಿ ನೀರು ಸದ್ದಿಲ್ಲದೆ ಜಿನುಗುತ್ತಿದೆ ಎಂದೇ ಅರ್ಥ. ಬೋರ್‌ವೆಲ್ ನೀರಿನ ಊರುಗಳಲ್ಲಂತೂ ಇದು ಚೆನ್ನಾಗಿ ಕಾಣುತ್ತದೆ. ಅಂಟಿನ ಅಂಚು ಎದ್ದಿದೆಯೇ, ಅಂಟಿಗೂ ಗಾಜಿಗೂ ನಡುವೆ ಪಾಚಿ ನುಗ್ಗಿ ಹಸಿರಾಗಿದೆಯೇ, ಗುಳ್ಳೆಗಳಿವೆಯೇ ನೋಡಿ. ತೊಟ್ಟಿಯ ಬಾಯಿಗೆ ಅಡ್ಡಲಾಗಿ ಗಾಜಿನ ಪಟ್ಟಿಗಳಿರುತ್ತವೆ. ಮುಂದಿನ ಗಾಜು ಹೊರಕ್ಕೆ ಉಬ್ಬದಂತೆ ತಡೆಯುವುದು ಅವೇ, ಅವು ಭದ್ರವಾಗಿರಬೇಕು. ತಳದ ಗಾಜಿನಲ್ಲಿ ಅಥವಾ ಮೂಲೆಯಲ್ಲಿ ಸೀಳು ಇದ್ದರೆ ಚೌಕಾಸಿಯೂ ಬೇಡ, ಎದ್ದು ಬನ್ನಿ. ಬರೀ ಗೀರುಗಳಾದರೆ ಚಿಂತೆಯಿಲ್ಲ, ನೀರು ತುಂಬಿದ ಮೇಲೆ ಅರ್ಧದಷ್ಟು ಕಾಣುವುದೂ ಇಲ್ಲ. ಟೆರೇಸಿನಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಒಣಗಿ ಬಿದ್ದ ತೊಟ್ಟಿಯಾದರೆ ಅಂಟು ಹೊಸದಾಗಿ ಹಾಕಬೇಕಾದೀತು ಎಂದುಕೊಂಡೇ ಬೆಲೆ ಮಾತಾಡಿ.

‘ಸ್ವಲ್ಪ ಜಿನುಗುತ್ತೆ ಅಷ್ಟೇ ಅಕ್ಕಾ, ಮೇಲೆ ಒಂದು ಪಟ್ಟಿ ಗಮ್ ಎಳೆದರೆ ಸರಿಹೋಗುತ್ತೆ’ ಎನ್ನುವವರನ್ನು ನಂಬಬೇಡಿ. ಗಟ್ಟಿಯಾದ ಹಳೇ ಸಿಲಿಕಾನ್ ಮೇಲೆ ಹೊಸದು ಸರಿಯಾಗಿ ಕಚ್ಚುವುದೇ ಇಲ್ಲ. ವಾರವೋ ತಿಂಗಳೋ ನಿಂತು ಮತ್ತೆ ಬಿಡುತ್ತದೆ. ಈ ಅಂಟಿನಲ್ಲೂ ಎರಡು ಭಾಗವಿದೆ. ಎರಡು ಗಾಜುಗಳ ಮಧ್ಯೆ ತೆಳ್ಳಗೆ ಇರುವುದು ಭಾರ ಹೊರುವ ಅಂಟು, ಒಳಮೂಲೆಯಲ್ಲಿ ದಪ್ಪಗೆ ಕಾಣುವುದು ನೀರು ತಡೆಯುವ ಅಂಟು. ಒಳಗಿನದು ಮಾತ್ರ ಕಿತ್ತಿದ್ದರೆ ಮನೆಯಲ್ಲೇ ರಿಪೇರಿ ಮಾಡಬಹುದು. ಗಾಜುಗಳ ಮಧ್ಯೆಯೇ ಬಿಟ್ಟಿದ್ದರೆ ಪೂರ್ತಿ ಬಿಚ್ಚಿ ಜೋಡಿಸಬೇಕು, ಅದು ಅಕ್ವೇರಿಯಂ ಕಟ್ಟುವವರ ಕೆಲಸ. ಅವರ ಕೂಲಿ ಮೊದಲೇ ವಿಚಾರಿಸಿ, ಕೇಳಿದ ಬೆಲೆಯಲ್ಲಿ ಅಷ್ಟನ್ನು ಕಳೆಯಿರಿ.

ಮನೆಯಲ್ಲಿ ಮಾಡುವುದಾದರೆ ಸೋರುವ ಮೂಲೆ ಒಂದನ್ನೇ ಅಲ್ಲ, ಒಳಗಿನ ಅಂಟು ಅಷ್ಟನ್ನೂ ಬ್ಲೇಡಿನಿಂದ ಕೆರೆದು ತೆಗೆಯಿರಿ. ಹಳೆಯದು ಹೊಸದು ಕೂಡುವ ಜಾಗದಲ್ಲೇ ಮತ್ತೆ ಸೋರುವುದರಿಂದ ಈ ಶ್ರಮ. ಬ್ಲೇಡು ಗಾಜುಗಳ ಮಧ್ಯಕ್ಕೆ ಹೋಗದಂತೆ ಜೋಪಾನ. ಬಿಳಿ ಕಲೆಗೆ ವಿನೆಗರ್ ಅಥವಾ ನಿಂಬೆರಸ ಸಾಕು. ಸೋಪು, ಫಿನಾಯಿಲ್ ಹತ್ತಿರವೂ ತರಬೇಡಿ, ಮೀನಿಗೆ ವಿಷ. ಚೆನ್ನಾಗಿ ತೊಳೆದು ಒಣಗಿಸಿ, ಅಂಟು ಕೂರುವ ಜಾಗವನ್ನು ಅಸಿಟೋನ್‌ನಿಂದ ಒರೆಸಿ.

ಸಿಲಿಕಾನ್ ಕೊಳ್ಳುವಾಗ ಟ್ಯೂಬಿನ ಮೇಲೆ ಅಕ್ವೇರಿಯಂಗೆ ಎಂದು ಬರೆದದ್ದನ್ನೇ ಕೇಳಿ. ಬಾತ್‌ರೂಮಿಗೆಂದು ಮಾರುವ, ಬೂಷ್ಟು ಬಾರದಂತೆ ಮದ್ದು ಬೆರೆಸಿದ ಸಿಲಿಕಾನ್ ಬೇಡವೇ ಬೇಡ. ಮೂಲೆಯ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಒಂದೇ ಸಮನೆ ಅಂಟು ಎಳೆದು, ಗ್ಲೌಸ್ ಹಾಕಿದ ಬೆರಳಿನಿಂದ ಒಂದೇ ಸಲ ಸವರಿ, ಕೆನೆಗಟ್ಟುವ ಮೊದಲೇ ಟೇಪ್ ಕಿತ್ತುಬಿಡಿ. ನಿಧಾನ ಮಾಡಿದರೆ ಎಳೆ ಎಳೆಯಾಗಿ ಬರುತ್ತದೆ. ಅಂಟು ಒಣಗುವಾಗ ವಿನೆಗರ್‌ನಂತೆ ಘಾಟು ಬರುತ್ತದೆ, ಕಿಟಕಿ ತೆಗೆದಿರಲಿ. ಇಷ್ಟು ದೊಡ್ಡ ತೊಟ್ಟಿಗೆ ಒಂದು ವಾರ ಬಿಡಿ. ಮಕ್ಕಳು ಎಷ್ಟೇ ಕಾಡಲಿ, ಒಂದು ವಾರ!

ಆಮೇಲೆ ಪರೀಕ್ಷೆ. ಹಾಲ್‌ನಲ್ಲಿ ಅಲ್ಲ, ಅಂಗಳದಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ. ಸಮತಟ್ಟಾದ ನೆಲದ ಮೇಲೆ ಥರ್ಮೋಕೋಲ್ ಹಾಸಿ ತೊಟ್ಟಿಯಿಟ್ಟು ಸುತ್ತ ನ್ಯೂಸ್‌ಪೇಪರ್ ಹರಡಿ. ಮೊದಲ ದಿನ ಕಾಲು ಭಾಗ, ಮರುದಿನ ಅರ್ಧ, ಆಮೇಲೆ ಪೂರ್ತಿ. ಪೂರ್ತಿ ತುಂಬಿದ ಮೇಲೂ ಎರಡು ದಿನ ಪೇಪರ್ ಒದ್ದೆಯಾಗದಿದ್ದರೆ ಒಳಗೆ ತನ್ನಿ, ನೀರು ಕಲ್ಲು ಎಲ್ಲಾ ತೆಗೆದು. ಖಾಲಿ ತೊಟ್ಟಿಯೇ 8 ಮಿ.ಮೀ. ಗಾಜಿನದಾದರೆ 40 ಕೆ.ಜಿ. ಮೀರುತ್ತದೆ, ಇಬ್ಬರು ತಳಕ್ಕೆ ಕೈಕೊಟ್ಟೇ ಎತ್ತಬೇಕು.

ಸ್ಟ್ಯಾಂಡಿನ ಕಬ್ಬಿಣ ತುಕ್ಕು ತಿಂದಿದ್ದರೆ, ಪ್ಲೈವುಡ್ ಉಬ್ಬಿದ್ದರೆ ಅದನ್ನು ಮುಲಾಜಿಲ್ಲದೆ ಬದಲಿಸಿ. ಗಾರೆಯವರ ರಸಮಟ್ಟ ಇಟ್ಟು ನೋಡಿ. ಸ್ಟ್ಯಾಂಡ್ ಒಂದು ಕಡೆ ವಾಲಿದ್ದರೆ ಹೊಸ ಅಂಟೂ ಬಿಡುತ್ತದೆ. ಜಾಗ ಗೋಡೆಯ ಪಕ್ಕದಲ್ಲಿರಲಿ, ಬಾಲ್ಕನಿ ಬೇಡ. ಮಹಡಿಯ ಬಾಡಿಗೆ ಮನೆಯಾದರೆ ಓನರಿಗೆ ಮೊದಲೇ ಹೇಳಿಬಿಡಿ, ಮಾತು ಬೆಳೆಯುವುದು ತಪ್ಪುತ್ತದೆ. ಮೋಟರಿನ ವೈರು ಪ್ಲಗ್ಗಿಗಿಂತ ಕೆಳಕ್ಕೆ ಜೋತು ಬಿದ್ದು ಮೇಲೆ ಹೋಗುವಂತಿರಲಿ, ಆಗ ವೈರಿಗುಂಟ ಇಳಿಯುವ ಹನಿ ಪ್ಲಗ್ಗಿಗೆ ಹೋಗದೆ ಕೆಳಗೇ ಉದುರುತ್ತದೆ. ನೀರಿಗೆ ಕೈಹಾಕುವ ಮುನ್ನ ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯುವುದನ್ನು ಮಕ್ಕಳಿಗೂ ಕಲಿಸಿ.

ಕೊನೆಗೆ ಮೀನಿನ ವಿಷಯ. ಮಾರುವವರ ಫಿಲ್ಟರ್ ಇನ್ನೂ ಓಡುತ್ತಿದ್ದರೆ ಅದರ ಸ್ಪಂಜನ್ನು ತೊಳೆಯದೆ, ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿಯೇ ತನ್ನಿ. ಮೀನಿನ ಹೊಲಸನ್ನು ತಟಸ್ಥಗೊಳಿಸುವ ಬ್ಯಾಕ್ಟೀರಿಯಾ ಅದರಲ್ಲಿರುತ್ತದೆ, ಒಣಗಿದರೆ ಸಾಯುತ್ತದೆ. ಆದರೆ ತೊಟ್ಟಿ ವಾರಗಟ್ಟಲೆ ರಿಪೇರಿಯಲ್ಲಿದ್ದರೆ ಸ್ಪಂಜನ್ನು ಬಕೆಟ್ ನೀರಿನಲ್ಲಿ ಸುಮ್ಮನೆ ಇಟ್ಟರೆ ಸಾಲದು, ಹಾಗಾದಾಗ ಹೊಸ ತೊಟ್ಟಿಯಂತೆಯೇ ನಾಲ್ಕರಿಂದ ಆರು ವಾರ ಒಂದೆರಡೇ ಮೀನು ಬಿಟ್ಟು ಕಾಯಬೇಕು. ತೊಟ್ಟಿಯ ಜೊತೆ ಪುಕ್ಕಟೆಯಾಗಿ ಬರುವ ಮೊಳದುದ್ದದ ಸಕ್ಕರ್ ಮೀನು ಬೇಡವೆನಿಸಿದರೆ ಅಕ್ವೇರಿಯಂ ಅಂಗಡಿಗೆ ಕೊಡಿ. ಹತ್ತಿರದ ಕೆರೆಗೆ ಮಾತ್ರ ಬಿಡಬೇಡಿ, ಅದು ಅಲ್ಲೇ ಸಂಸಾರ ಹೂಡಿ ಕೆರೆಯ ಮೀನುಗಳ ಮೇವಿಗೇ ಸಂಚಕಾರ ತರುತ್ತದೆ.