ಮರೆಗುಳಿ ಹಿರಿಯರ ಶುಚಿತ್ವ: ನಾವು ನೆನಪಿಡಬೇಕಾದದ್ದು

ಅಸ್ರ್‌ನ ಬಾಂಗ್ ಕೇಳಿದೊಡನೆ ಉಮ್ಮ ಎದ್ದು ನಲ್ಲಿಯ ಬಳಿ ಹೋಗುತ್ತಾರೆ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಮುಂದೇನೆಂದು ತಿಳಿಯದೆ ಹರಿಯುವ ನೀರನ್ನೇ ನೋಡುತ್ತಾ ನಿಂತುಬಿಡುತ್ತಾರೆ. ಅರುವತ್ತು ವರ್ಷ ದಿನಕ್ಕೆ ಐದು ಬಾರಿ ವುಝೂ ಮಾಡಿದ ಕೈಗಳವು. "ಎಷ್ಟು ಹೊತ್ತು ಉಮ್ಮಾ, ನೀರು ಹಾಳಾಗ್ತಿದೆ" ಎಂದು ಮಗಳು ಗದರುತ್ತಾಳೆ. ಉಮ್ಮ ಅಳುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಅತ್ತದ್ದೇಕೆಂದು ಅವರಿಗೆ ಮರೆತುಹೋಗುತ್ತದೆ. ಮನಸ್ಸಿನ ನೋವು ಮಾತ್ರ ಉಳಿಯುತ್ತದೆ.

ಇದು ವಯಸ್ಸಿನ ಸಹಜ ಮರೆವಲ್ಲ, ಡಿಮೆನ್ಶಿಯಾ. ಮೆದುಳಿಗೆ ತಗಲುವ ಈ ತೊಂದರೆಗೆ ಅಲ್ಝೈಮರ್ಸ್ ಕಾಯಿಲೆಯೇ ಅತಿ ಸಾಮಾನ್ಯ ಕಾರಣ. ಸ್ನಾನ, ಹಲ್ಲುಜ್ಜುವುದು ನಮಗೆ ಒಂದೊಂದೇ ಕೆಲಸವೆನಿಸಿದರೂ ಅವು ಹತ್ತಾರು ಹಂತಗಳ ಸರಪಳಿ. ಅದರ ಕೊಂಡಿ ಕಳಚಿದವರು ಹಠಮಾರಿಗಳಲ್ಲ, ಸೋಮಾರಿಗಳೂ ಅಲ್ಲ.

ಸ್ನಾನ

ಅವರಿಗೆ ಮೊದಲಿನಿಂದ ರೂಢಿಯಿದ್ದ ಹೊತ್ತಿನಲ್ಲೇ ಸ್ನಾನ ಮಾಡಿಸಿ. ಟವೆಲ್, ಸೋಪು, ಬಟ್ಟೆ ಮೊದಲೇ ಸಿದ್ಧವಿರಲಿ. ಸ್ನಾನದ ಮನೆಯಲ್ಲಿ ಅವರನ್ನು ಒಂಟಿಯಾಗಿ ಬಿಡಬೇಡಿ. ನೀರಿನ ಬಿಸಿಯನ್ನು ನಿಮ್ಮ ಕೈಯಿಂದ ಪರೀಕ್ಷಿಸಿ. ಜಾರದ ಚಾಪೆ, ಗಟ್ಟಿಯಾದ ಕುರ್ಚಿ, ಗೋಡೆಗೆ ಹಿಡಿಕೆ ಇರಲಿ; ಒಳಗಿನ ಚಿಲಕ ತೆಗೆಸಿ. ತಲೆಗೆ ಒಮ್ಮೆಲೇ ನೀರು ಸುರಿದರೆ ಬೆದರುತ್ತಾರೆ. ಪಾದದಿಂದ ಆರಂಭಿಸಿ, ಏನು ಮಾಡುತ್ತಿದ್ದೀರೆಂದು ಹೇಳುತ್ತಾ ಸಾಗಿ.

ಅವರ ನಾಚಿಕೆಯನ್ನು ಗೌರವಿಸಿ. ಸಾಧ್ಯವಾದಷ್ಟು ಹೆಂಗಸರಿಗೆ ಹೆಂಗಸರೇ, ಗಂಡಸರಿಗೆ ಗಂಡಸರೇ ನೆರವಾಗಲಿ. ಮೈಮೇಲೆ ಬಟ್ಟೆ ಹೊದಿಸಿ, ಒಂದೊಂದೇ ಭಾಗ ತೊಳೆಯಿರಿ. ಒಪ್ಪದಿದ್ದರೆ ಬಲವಂತ ಬೇಡ, ಅರ್ಧ ಗಂಟೆ ಬಿಟ್ಟು ಮತ್ತೆ ಕರೆಯಿರಿ. ದಿನಾ ಸ್ನಾನವಾಗಲೇಬೇಕೆಂದಿಲ್ಲ, ಒದ್ದೆ ಬಟ್ಟೆಯಿಂದ ಮೈ ಒರೆಸಿದರೂ ನಡೆಯುತ್ತದೆ. ಆದರೆ ಕಂಕುಳು, ಸ್ತನದ ಕೆಳಭಾಗ, ತೊಡೆಸಂದು ತೊಳೆದು ಚೆನ್ನಾಗಿ ಒಣಗಿಸಬೇಕು.

ಶೌಚ, ಬಾಯಿ, ಉಡುಪು

ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ಯಿರಿ. ರಾತ್ರಿ ಅಲ್ಲಿ ದೀಪ ಉರಿಯುತ್ತಿರಲಿ. ಬಟ್ಟೆ ಒದ್ದೆಯಾಗುವ ಭಯದಿಂದ ನೀರು ಕುಡಿಸುವುದನ್ನು ಕಡಿಮೆ ಮಾಡಬೇಡಿ. ಅದರಿಂದ ಮಲಬದ್ಧತೆ, ಮೂತ್ರದ ಸೋಂಕಿನ ಅಪಾಯ ಹೆಚ್ಚುತ್ತದೆ. ಮೃದು ಬ್ರಷ್‌ನಿಂದ ದಿನಕ್ಕೆರಡು ಬಾರಿ ಹಲ್ಲುಜ್ಜಿಸಿ, ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದು ತೊಳೆದಿಡಿ. ಗುಂಡಿಗಳಿಗಿಂತ ಎಲಾಸ್ಟಿಕ್ ಇರುವ ಉಡುಪು ಅನುಕೂಲ. ಬಟ್ಟೆಗಳನ್ನು ತೊಡುವ ಕ್ರಮದಲ್ಲೇ ಒಂದೊಂದಾಗಿ ಕೊಡಿ. ತಲೆವಸ್ತ್ರ ಅಭ್ಯಾಸವಿದ್ದವರಿಗೆ ಅದು ಕೈಗೆಟಕುವಲ್ಲಿ ಇರಲಿ. ಅದಿಲ್ಲದೆ ಅವರು ಚಡಪಡಿಸಬಹುದು.

ವುಝೂ, ನಮಾಝ್

ಬುದ್ಧಿ ಸ್ವಾಧೀನದಲ್ಲಿಲ್ಲದವರ ಮೇಲೆ ನಮಾಝ್ ಕಡ್ಡಾಯವಲ್ಲ. ಆದ್ದರಿಂದ ತಪ್ಪಿದ ರಕಅತ್ ಎಣಿಸಿ ಅವರನ್ನು ನೋಯಿಸಬೇಡಿ. ಆದರೆ ನಮಾಝ್ ಅವರಿಗೆ ನೆಮ್ಮದಿ ಕೊಡುವುದಾದರೆ ತಡೆಯಬೇಡಿ. ಕುರ್ಚಿಯಲ್ಲಿ ಕುಳ್ಳಿರಿಸಿ, ಪಕ್ಕದಲ್ಲಿ ನೀವೂ ವುಝೂ ಮಾಡಿ. ಮಾತಿನಲ್ಲಿ ಹೇಳಿದರೆ ತಿಳಿಯದ್ದನ್ನು ಹಲವರು ನೋಡಿ ಅನುಕರಿಸುತ್ತಾರೆ.

ವೈದ್ಯರ ಬಳಿಗೆ

ಗೊಂದಲ ಒಂದೆರಡು ದಿನಗಳಲ್ಲಿ ದಿಢೀರನೆ ಹೆಚ್ಚಿದರೆ ಕಾಯಿಲೆ ಉಲ್ಬಣಿಸಿತೆಂದು ಸುಮ್ಮನಿರಬೇಡಿ. ಸೋಂಕು, ಮಲಬದ್ಧತೆ ಅಥವಾ ಔಷಧದ ಅಡ್ಡಪರಿಣಾಮ ಇರಬಹುದು. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಗಳೂ ಮರೆವು ತರುತ್ತವೆ, ಇವುಗಳಿಗೆ ಚಿಕಿತ್ಸೆಯಿದೆ. ಹಿರಿಯರಿಗಾಗಿ ಇರುವ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಮುಪ್ಪಿನಲ್ಲಿರುವ ತಂದೆ ತಾಯಿಯನ್ನು ಗದರಿಸಬಾರದೆಂದು ಕುರ್‌ಆನ್‌ನ ಬನೀ ಇಸ್ರಾಈಲ್ ಅಧ್ಯಾಯ ಕಲಿಸುತ್ತದೆ. ಈ ಆಜ್ಞೆ ಮಗಳಿಗೆ ಅಥವಾ ಸೊಸೆಗೆ ಮಾತ್ರವಲ್ಲ, ಗಂಡುಮಕ್ಕಳಿಗೂ ಇದೆ. ಒಬ್ಬಳೇ ಹಗಲಿರುಳು ದುಡಿದರೆ ತಾಳ್ಮೆ ಕೆಡುವುದು ಸಹಜ. ವಾರದಲ್ಲಿ ಎರಡು ದಿನವಾದರೂ ಆಕೆಗೆ ಬಿಡುವು ಸಿಗುವಂತೆ ಮನೆಮಂದಿ ಸರದಿ ಹಂಚಿಕೊಳ್ಳಲಿ. ನಮ್ಮ ಮೊದಲ ವುಝೂವಿಗೆ ನೀರೆರೆದ ಕೈಗಳಿಗೆ ಇಂದು ನೀರೆರೆಯುವ ಸರದಿ ನಮ್ಮೆಲ್ಲರದು.