ಕೂದಲೂ ಕಾದ ಕಬ್ಬಿಣವೂ

ರೋಮಿನ ವಾಗ್ಮಿ ಸಿಸೆರೊ ಕ್ರಿ. ಪೂ. 46ರಲ್ಲಿ ರಚಿಸಿದ ‘ಬ್ರೂಟಸ್’ ಎಂಬ ಸಂವಾದದಲ್ಲಿ ಸೀಸರನ ಗದ್ಯದ ಪ್ರಸ್ತಾಪ ಬರುತ್ತದೆ. ಸೀಸರನು ತನ್ನ ಯುದ್ಧವೃತ್ತಾಂತಗಳನ್ನು ಆಭರಣಗಳಿಲ್ಲದೆ ನೆಟ್ಟಗೆ ಬರೆದಿಟ್ಟನು. ಮುಂದಿನ ಚರಿತ್ರಕಾರರಿಗೆ ಅದು ಸಾಮಗ್ರಿಯಾಗಲಿ ಎಂದು ಅವನ ಇಚ್ಛೆ. ಅವಿವೇಕಿಗಳಾದವರು ಅದನ್ನು ಕೈಗೆತ್ತಿಕೊಂಡು ಕಾದ ಕಬ್ಬಿಣದಿಂದ ಗುಂಗುರು ಮಾಡಹೊರಟಾರು, ವಿವೇಕಿಗಳು ಮಾತ್ರ ದೂರ ನಿಂತಾರು ಎಂಬುದು ಅಲ್ಲಿಯ ಇಂಗಿತ. ಅಲಂಕಾರಶಾಸ್ತ್ರವನ್ನು ಪಾಠ ಹೇಳುವವನು ಇಂಥ ಹೋಲಿಕೆಯನ್ನು ಸುಲಭವಾಗಿ ಬಿಡಲಾರನು. ಆದರೆ ಈ ಸಲ ನನ್ನ ಕುತೂಹಲ ಉಪಮೇಯವನ್ನು ಬಿಟ್ಟು ಉಪಮಾನದ ಕಡೆಗೆ ಹರಿಯಿತು. ಗದ್ಯದ ಮಾತು ಹಾಗಿರಲಿ, ಆ ಕಬ್ಬಿಣ ಯಾವುದು?

ಲ್ಯಾಟಿನಿನಲ್ಲಿ ಅದರ ಹೆಸರು ಕಾಲಮಿಸ್ಟ್ರಂ. ಜೊಂಡು ಎಂಬ ಅರ್ಥದ ಗ್ರೀಕಿನ ‘ಕಾಲಮೊಸ್’ ಅದರ ಮೂಲ. ಜೊಂಡಿನಂತೆ ಟೊಳ್ಳಾದ ಕೊಳವೆಯಾದುದರಿಂದ ಆ ಹೆಸರು. ನಾವು ಲೇಖನಿಗೆ ಹೇಳುವ ‘ಕಲಮು’ ಅರಬ್ಬಿ ಪಾರಸಿಗಳ ದಾರಿಯಾಗಿ ನಮ್ಮಲ್ಲಿಗೆ ಬಂದದ್ದು; ಅದೂ ಅದೇ ಗ್ರೀಕು ಮಾತಿನ ಸಂತತಿ. ಎಂದರೆ ಲೇಖನಿಯೂ ಗುಂಗುರುಗೋಲೂ ಒಂದೇ ಬುಡದ ಎರಡು ಕವಲುಗಳು. ಸಿಸೆರೊನ ಹೋಲಿಕೆ ನಮಗೆ ಇನ್ನಷ್ಟು ಹತ್ತಿರವಾಯಿತಲ್ಲವೆ! ಈ ಕೋಲನ್ನು ಬಿಸಿ ಬೂದಿಯಲ್ಲಿ ಹೂಳಿ ಕಾಯಿಸಿ, ಒಡತಿಯ ತಲೆಗೆ ಹಿಡಿಯುವ ಆಳನ್ನು ‘ಸಿನೆರೇರಿಯಸ್’ ಎನ್ನುತ್ತಿದ್ದರು. ಬೂದಿಯವನು ಎಂದು ಅದರ ಅರ್ಥ.

ಬೂದಿಯವನ ಕೆಲಸ ಗುಂಗುರು ಮಾಡುವುದು. ಅದಕ್ಕಿಂತ ಕಠಿಣವಾದ ಇನ್ನೊಂದು ಕೆಲಸವುಂಟು: ಕೂದಲನ್ನು ಬುಡದಲ್ಲಿಯೇ ಎತ್ತಿ ನಿಲ್ಲಿಸಿ, ತೆಳ್ಳಗಿರುವುದು ದಟ್ಟವಾಗಿ ಕಾಣುವಂತೆ ಮಾಡುವುದು. ಇದರ ವಿಚಾರ ನನಗೆ ಹತ್ತಿರವಾದದ್ದು ನನ್ನ ಅಕ್ಕನಿಂದ. ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿರುವ ಆಕೆಗೆ ವಿಷಮಶೀತಜ್ವರ ಬಂದು ವಾಸಿಯಾಯಿತು. ಮೂರು ತಿಂಗಳಾದ ಮೇಲೆ, ಆಪತ್ತು ಕಳೆಯಿತೆಂದು ಎಲ್ಲರೂ ಮರೆತಿದ್ದಾಗ, ಕೂದಲು ಹಿಡಿಹಿಡಿಯಾಗಿ ಉದುರತೊಡಗಿತು. ಕಠಿಣ ಜ್ವರದ ತರುವಾಯ ಹೀಗಾಗುವುದು ವೈದ್ಯರಿಗೆ ಗೊತ್ತಿದ್ದ ಸಂಗತಿಯೇ. ಮತ್ತೆ ಬೆಳೆಯುತ್ತದೆಂದು ಅವರು ಧೈರ್ಯ ಹೇಳಿದರು. ಆದರೆ ದಿನವೂ ಐವತ್ತು ಮಕ್ಕಳಿಗೆ ಬೆನ್ನು ತಿರುಗಿಸಿ ಹಲಗೆಯ ಮೇಲೆ ಬರೆಯುವವಳಿಗೆ ‘ಮತ್ತೆ’ ಎಂಬುದು ಬಹು ದೂರದ ಮಾತು. ಯಾರೋ ತಂದುಕೊಟ್ಟ ವಿದ್ಯುತ್ತಿನ ಸಣ್ಣ ಇಕ್ಕಳವೊಂದನ್ನು ಹಿಡಿದು ಅವಳು ಕನ್ನಡಿಯ ಮುಂದೆ ನಿಂತಳು. ಒಳಗಿನ ಹಲಗೆಗಳಲ್ಲಿ ಏಣುಗಳಿದ್ದ ಇಕ್ಕಳ ಅದು. ಅದನ್ನು ನೆತ್ತಿಯ ಸಮೀಪಕ್ಕೆ ಒಯ್ಯುವಾಗ ಅವಳ ಕೈ ನಡುಗುತ್ತಿತ್ತು. ಇದನ್ನು ಬರಿಯ ಶೋಕಿ ಎನ್ನುವವರು ಆ ಕೈಯನ್ನು ನೋಡಬೇಕಾಗಿತ್ತು.

ತೆಳು ಕೂದಲು ತಲೆಗೆ ಅಂಟಿಕೊಂಡು ಮಲಗುವುದೇಕೆ? ಇದಕ್ಕೆ ಉತ್ತರ ಲೆಕ್ಕದಲ್ಲಿದೆ. ಮನುಷ್ಯನ ಕೂದಲಿನ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಿಂದ ಹತ್ತನೆಯ ಒಂದು ಭಾಗದವರೆಗೆ. ದುಂಡನೆಯ ಕಡ್ಡಿಯೊಂದು ಬಾಗದೆ ನಿಲ್ಲುವ ಬಿಗುವು ಅದರ ದಪ್ಪದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ದಪ್ಪ ಅರ್ಧವಾದರೆ ಬಿಗುವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದಾಗುತ್ತದೆ. ತೂಕವಾದರೋ ನಾಲ್ಕರಲ್ಲಿ ಒಂದಕ್ಕೆ ಮಾತ್ರ ಇಳಿಯುತ್ತದೆ. ಆದುದರಿಂದ ನವುರಾದ ಎಳೆ ತನ್ನ ಭಾರವನ್ನು ತಾನೇ ತಾಳಲಾರದೆ ಬುಡದಲ್ಲಿಯೇ ಒರಗುತ್ತದೆ. ತುದಿಯಲ್ಲಿ ಎಷ್ಟು ಗುಂಗುರು ಮಾಡಿದರೂ ಈ ಒರಗು ತಪ್ಪದು. ಎತ್ತಬೇಕಾದದ್ದು ಬುಡವನ್ನು, ಬುಡದ ಪಕ್ಕದಲ್ಲಿಯೇ ಚರ್ಮ. ಕಷ್ಟವೆಲ್ಲ ಇಲ್ಲಿದೆ.

ಇನ್ನು ಶಾಖ ಮಾಡುವ ಕೆಲಸ. ಕೂದಲು ಕೆರಾಟಿನ್ ಎಂಬ ಪ್ರೋಟೀನಿನ ಹುರಿ. 1930ರ ದಶಕದಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಆಸ್ಟ್‌ಬರಿ ಎಂಬ ವಿಜ್ಞಾನಿ ಉಣ್ಣೆಯನ್ನೂ ಕೂದಲನ್ನೂ ಕ್ಷ-ಕಿರಣಗಳಿಂದ ಪರೀಕ್ಷಿಸಿ, ಎಳೆದಾಗ ಒಳಗಿನ ಮಡಿಕೆಗಳು ಬಿಚ್ಚಿಕೊಳ್ಳುವುದನ್ನು ತೋರಿಸಿದನು. ಈ ಎಳೆಗಳನ್ನು ಹಿಡಿದಿಡುವ ಕಟ್ಟುಗಳಲ್ಲಿ ಎರಡು ಬಗೆ ಮುಖ್ಯ. ಗಂಧಕದ ಕಟ್ಟುಗಳು ಬಲವಾದವು. ಸಾಮಾನ್ಯ ಬಿಸಿಗೆ ಬಗ್ಗವು. ಜಲಜನಕದ ಕಟ್ಟುಗಳು ದುರ್ಬಲವಾದವು. ನೀರು ತಾಗಿದರೆ, ಬಿಸಿ ತಾಗಿದರೆ ಸಡಿಲಗೊಂಡು, ಒಣಗಿ ತಣಿಯುವಾಗ ಯಾವ ಭಂಗಿಯಲ್ಲಿ ಇದ್ದುವೋ ಅದೇ ಭಂಗಿಯಲ್ಲಿ ಮತ್ತೆ ಬೆಸೆದುಕೊಳ್ಳುತ್ತವೆ. ಕಾಯಿಸುವುದು ಕೂದಲನ್ನು ಮೆತ್ತಗೆ ಮಾಡುತ್ತದೆ, ಅಷ್ಟೆ. ರೂಪ ಕೊಡುವುದು ತಣಿಯುವ ಗಳಿಗೆ. ನಮ್ಮ ಮನೆಗಳಲ್ಲಿ ಎಣ್ಣೆಸ್ನಾನವಾದ ಮೇಲೆ ಕೆಂಡದ ಮೇಲೆ ಬುಟ್ಟಿ ಕವುಚಿ, ಸಾಮ್ರಾಣಿಯ ಹೊಗೆಯಲ್ಲಿ ಕೂದಲನ್ನು ಬಿಡಿಸಿ ಹರಡಿ ಒಣಗಿಸುತ್ತಿದ್ದ ಅಜ್ಜಿಯಂದಿರು ಮಾಡುತ್ತಿದ್ದದ್ದೂ ಇದೇ. ಅವರ ಕಣ್ಣು ಪರಿಮಳದ ಮೇಲಿತ್ತು. ಬುಡ ಹಗುರವಾಗಿ ಉಬ್ಬಿದ್ದು ಲಾಭ. ಅಷ್ಟು ಸಾಲದಾದಾಗ ಚೌರಿಯಂತೂ ಇದ್ದೇ ಇತ್ತು.

ಯುರೋಪಿನವರು ಚೌರಿಗೂ ತೃಪ್ತರಾಗಲಿಲ್ಲ. ಫ್ರಾನ್ಸಿನ ಗಾರ್ಸೋ ಎಂಬಾತ 1767ರಲ್ಲಿ ಕ್ಷೌರಿಕರ ಮತ್ತು ಟೋಪನ್ ಮಾಡುವವರ ಕಸಬನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಆ ಕಾಲದ ಪದ್ಧತಿಯಂತೆ ಕೂದಲನ್ನು ಸುತ್ತಿ, ಕಾಗದದ ತುಂಡಿನಲ್ಲಿ ಮಡಿಸಿ, ಕಾದ ಚಪ್ಪಟೆ ಇಕ್ಕಳದಿಂದ ಒತ್ತುತ್ತಿದ್ದರು. ಕಾಗದ ಕೂದಲಿಗೂ ಕಬ್ಬಿಣಕ್ಕೂ ನಡುವೆ ನಿಂತ ರಕ್ಷೆ. ರಕ್ಷೆ ಯಾವಾಗಲೂ ಕಾಪಾಡುತ್ತಿತ್ತೆಂದಲ್ಲ. ಲೂಯಿಸಾ ಮೇ ಆಲ್ಕಾಟ್ 1868ರಲ್ಲಿ ಬರೆದ ‘ಲಿಟ್ಲ್ ವಿಮೆನ್’ ಕಾದಂಬರಿಯನ್ನು ಓದಿದವರಿಗೆ, ನೃತ್ಯಕೂಟಕ್ಕೆ ಹೊರಟ ಮೆಗ್ಗಳ ಮುಂಗೂದಲು ತಂಗಿ ಜೋಳ ಕೈಯಲ್ಲಿ ಕಾಗದದ ಸಮೇತ ಕಿತ್ತುಬಂದ ಪ್ರಸಂಗ ನೆನಪಿರಬಹುದು. ಅಲ್ಲಿ ನಾವು ನಗುತ್ತೇವೆ; ಮೆಗ್ ಅಳುತ್ತಾಳೆ.

1872ರ ಸುಮಾರಿಗೆ ಪ್ಯಾರಿಸಿನ ಮಾರ್ಸೆಲ್ ಗ್ರಾಟೋ ಇಕ್ಕಳವನ್ನು ತಲೆಕೆಳಗಾಗಿ ಹಿಡಿದು, ಗುಂಗುರಿಗೆ ಬದಲಾಗಿ ಅಲೆಯನ್ನು ಮೂಡಿಸುವ ಬಗೆಯನ್ನು ಕಂಡುಕೊಂಡನು. ಅವನ ಹೆಸರೇ ಆ ಅಲೆಯ ಹೆಸರಾಯಿತು. ಕಬ್ಬಿಣದ ಹದ ತಿಳಿಯಲು ಆ ಕಾಲದ ಕಸಬಿನವರಿಗೆ ಇದ್ದ ಮಾಪಕ ಒಂದೇ: ತೆಳು ಕಾಗದ. ಇಕ್ಕಳದಲ್ಲಿ ಹಿಡಿದಾಗ ಕಾಗದ ಕಂದಿದರೆ ಕಾಯಬೇಕು; ಕಂದದಿದ್ದರೆ ಕೂದಲಿಗೆ ಹಿಡಿಯಬಹುದು.

ಬುಡದ ಸಮಸ್ಯೆಯನ್ನು ನಿಜವಾಗಿ ಎದುರಿಸಿದವನು ಕಾರ್ಲ್ ನೆಸ್ಲರ್. ಜರ್ಮನಿಯ ಕರಿಕಾಡಿನ ಟೋಟ್ನೌ ಎಂಬ ಊರಿನಲ್ಲಿ 1872ರಲ್ಲಿ ಹುಟ್ಟಿದ ಈತ 20ನೆಯ ಶತಮಾನದ ಮೊದಲ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿ, ನೀರು ತಾಗಿದರೂ ಬಿಚ್ಚದ ಅಲೆಯನ್ನು ಸಾಧಿಸಲು ಹೊರಟನು. ಅದಕ್ಕೆ ಗಂಧಕದ ಕಟ್ಟನ್ನೇ ಅಲುಗಿಸಬೇಕು. ಆದುದರಿಂದ ಕ್ಷಾರ ಬೇಕು, ಶಾಖ ಬೇಕು, ಬಹಳ ಹೊತ್ತು ಬೇಕು. ಕೂದಲನ್ನು ಬುಡದಿಂದ ತುದಿಗೆ ಸುರುಳಿಯಾಗಿ ಸುತ್ತಿ, ಕಾದ ಹಿತ್ತಾಳೆಯ ಸಲಾಕೆಗಳಿಂದ ಬಿಸಿ ಕೊಡುವುದು ಅವನ ವಿಧಾನ. ಒಂದೊಂದು ಸಲಾಕೆಯ ತೂಕ ಸುಮಾರು ಎರಡು ಪೌಂಡು, ಅಂಥವು ಹನ್ನೆರಡು. ತಲೆಯ ಮೇಲೆ ಅವನ್ನು ಹೊತ್ತವಳ ಕತ್ತಿನ ಪಾಡೇನು, ನೆತ್ತಿಯ ಪಾಡೇನು? ನೆಸ್ಲರನು ಮೇಲಿನಿಂದ ದೀಪದ ಗೊಂಚಲಿನಂಥ ಒಂದು ಚೌಕಟ್ಟನ್ನು ಇಳಿಬಿಟ್ಟು, ತಕ್ಕಡಿಯಂತೆ ಎದುರು ತೂಕಗಳನ್ನು ಕಟ್ಟಿ, ಸಲಾಕೆಗಳು ಚರ್ಮವನ್ನು ಮುಟ್ಟದಂತೆ ತೂಗುಹಾಕಿದನು. ಆರು ಗಂಟೆಗಳ ಕಾಲ ಹೀಗೆ ಕುಳಿತಿರಬೇಕಾಗಿತ್ತು. ಈ ಏರ್ಪಾಟು ಎಷ್ಟೇ ವಿಚಿತ್ರವಾಗಿರಲಿ, ಅದರ ಹಿಂದಿನ ವಿವೇಕವನ್ನು ನಾನು ಮೆಚ್ಚುತ್ತೇನೆ: ಶಾಖ ಬುಡದ ಹತ್ತಿರಕ್ಕೆ ಹೋಗಬೇಕು, ಚರ್ಮವನ್ನು ಸೇರಬಾರದು. ಆದರೆ ಆ ವಿವೇಕಕ್ಕೆ ಬೆಲೆ ತೆತ್ತವಳು ಬೇರೆಯವಳು. ಮೊದಲ ಪ್ರಯೋಗಗಳೆಲ್ಲ ನಡೆದದ್ದು ಅವನ ಪತ್ನಿ ಕತಾರೀನಾ ಲೈಬ್ಲೆಯ ತಲೆಯ ಮೇಲೆ. ಮೊದಲ ಎರಡು ಸಲ ಅವಳ ಕೂದಲು ಸುಟ್ಟುಹೋಗಿ ನೆತ್ತಿಯೂ ಬೆಂದಿತು. ಅವಳು ಮೂರನೆಯ ಸಲವೂ ಕುಳಿತಳು. ಶೋಧಕನ ಹೆಸರಿನೊಂದಿಗೆ ಅವಳ ಹೆಸರನ್ನೂ ಬರೆಯದೆ ಈ ಚರಿತ್ರೆ ಪೂರ್ತಿಯಾಗದೆಂದು ನನಗೆ ತೋರುತ್ತದೆ.

ಅನಂತರದ ಕಥೆಯನ್ನು ಬೇಗ ಹೇಳಬಹುದು. 1960ರಲ್ಲಿ ಷಿಕಾಗೋದ ಕೇಶಶಿಲ್ಪಿ ಮಾರ್ಗರೆಟ್ ವಿನ್ಸಿ ಹೆಲ್ಟ್ ರೂಪಿಸಿದ ‘ಜೇನುಗೂಡು’ ಜಗತ್ತಿನ ಹೆಂಗಸರ ತಲೆಗಳನ್ನು ಗೋಪುರಗಳನ್ನಾಗಿ ಮಾಡಿತು. ಅದರ ಎತ್ತರ ಬಹುಮಟ್ಟಿಗೆ ಹಿಂದುಬಾಚಣಿಗೆಯದು. ಕೂದಲಿನ ಮೈಮೇಲೆ ಹೆಂಚಿನಂತೆ ತುದಿಯ ಕಡೆಗೆ ಹೊದೆದ ಹುರುಪೆಗಳಿರುತ್ತವೆ. ತುದಿಯಿಂದ ಬುಡಕ್ಕೆ ಬಾಚಿದರೆ ಅವು ಎದ್ದು ಒಂದಕ್ಕೊಂದು ತೊಡರುತ್ತವೆ. ಉಬ್ಬು ಬರುತ್ತದೆ, ಹೆಂಚೂ ಒಡೆಯುತ್ತದೆ. ಅದೇ ದಶಕದಲ್ಲಿ ಡೆನ್ಮಾರ್ಕಿನಿಂದ ಬಂದ ಕಾರ್ಮೆನ್ ಎಂಬ ಕಾದ ಉರುಳೆಗಳು ಹೆಚ್ಚು ಸಮಂಜಸವಾದವು. ಉರುಳೆಯನ್ನು ಮೊದಲೇ ಕಾಯಿಸಿ, ಕೂದಲನ್ನು ಬುಡದವರೆಗೆ ಸುತ್ತಿ, ಅದು ತಾನಾಗಿ ತಣಿಯುವವರೆಗೆ ಬಿಟ್ಟುಬಿಡುವುದು. ರೂಪ ಕೊಡುವ ಗಳಿಗೆ ತಣಿಯುವ ಗಳಿಗೆಯೆಂದು ಮೇಲೆ ಹೇಳಿದ ಮಾತನ್ನು ಇಷ್ಟು ಅಚ್ಚುಕಟ್ಟಾಗಿ ಪಾಲಿಸಿದ ಉಪಕರಣ ಇನ್ನೊಂದಿಲ್ಲ.

ಅಕ್ಕನ ಕೈಗೆ ಬಂದ ಇಕ್ಕಳದ ಜಾಣತನ ಬೇರೆ ಬಗೆಯದು. ಮೇಲಿನ ಪದರವನ್ನು ಎತ್ತಿ ಕಟ್ಟಿ, ಒಳಪದರದ ಬುಡದಿಂದ ಎರಡು ಮೂರು ಸೆಂಟಿಮೀಟರನ್ನು ಮಾತ್ರ ಏಣುಗಳ ನಡುವೆ ಒತ್ತುವುದು. ಬಳಿಕ ಮೇಲಿನ ನುಣುಪಾದ ಪದರವನ್ನು ಇಳಿಬಿಡುವುದು. ಉತ್ತರಪತ್ರಿಕೆಗಳ ಕಟ್ಟನ್ನು ಹೊತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಡಿಕೆಯಿಲ್ಲದ ನೂರು ಹಾಳೆ ಒಂದು ಬೆರಳಿನಷ್ಟೂ ಎತ್ತರವಾಗದು. ಅದೇ ನೂರು ಹಾಳೆಯನ್ನು ಹುಡುಗರು ಮುದುರಿ ಕೊಟ್ಟರೆ ಮೊಳದುದ್ದದ ಹೊರೆ. ಅಂಕುಡೊಂಕಾದ ಎಳೆಗಳು ಒಂದರ ಮಗ್ಗುಲಿಗೆ ಒಂದು ಮಲಗಲಾರವು. ನಡುವೆ ಗಾಳಿ ತುಂಬುತ್ತದೆ. ಕಾಣುವ ಸೊಬಗು ಮೇಲಿನದು, ಹೊರುವ ಕೆಲಸ ಒಳಗಿನದು.

ಇದರಲ್ಲಿ ಇನ್ನೊಂದು ಗುಣವೂ ಉಂಟು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಮೂರು ಸೆಂಟಿಮೀಟರಿನ ಇಕ್ಕಳವನ್ನು ವಾರಕ್ಕೊಮ್ಮೆ ಹಿಡಿದರೆ, ಒಂದು ಬಿಂದು ಆ ಬಿಸಿಯ ಸೀಮೆಯನ್ನು ದಾಟಿ ಹೋಗುವ ಹೊತ್ತಿಗೆ ಹನ್ನೆರಡು ಹದಿಮೂರು ಸಲ ಕಾದಿರುತ್ತದೆ. ಅನಂತರ ಅದಕ್ಕೆ ಬಿಡುಗಡೆ. ತುದಿಯನ್ನು ಕಾಯಿಸುವವರು ಕತ್ತರಿಸುವವರೆಗೂ ವರ್ಷಗಟ್ಟಲೆ ಅದೇ ತುದಿಯನ್ನು ಕಾಯಿಸುತ್ತಾರೆ. ಆದರೆ ದಿನವೂ ಹಿಡಿದರೆ ಹನ್ನೆರಡು ತೊಂಬತ್ತಾಗುತ್ತದೆ. ಕೂದಲು ಸತ್ತ ವಸ್ತು, ಬೆಂದದ್ದು ವಾಸಿಯಾಗುವುದಿಲ್ಲ. 200 ಡಿಗ್ರಿ ಸೆಂಟಿಗ್ರೇಡನ್ನು ದಾಟಿದರೆ ಕೆರಾಟಿನ್ನಿನ ರಚನೆಯೇ ಕೆಡತೊಡಗುತ್ತದೆ. ಒದ್ದೆ ಕೂದಲಿಗೆ ಅಷ್ಟು ಕೂಡ ಬೇಡ. ಒಳಗಿನ ನೀರು ಆವಿಯಾಗಿ ಎಳೆಯೊಳಗೇ ಗುಳ್ಳೆಗಳೇಳುತ್ತವೆ. ಆ ಗುಳ್ಳೆಯ ಜಾಗದಲ್ಲಿ ಎಳೆ ಮುರಿಯುತ್ತದೆ.

ಹಲಗೆಯ ಶಾಖ 180 ಡಿಗ್ರಿ ಎಂದಿಟ್ಟುಕೊಳ್ಳೋಣ. ಮೊರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ಅಮೆರಿಕದ ಸಂಶೋಧಕರು 1947ರಲ್ಲಿ ತೋರಿಸಿದಂತೆ, ಚರ್ಮ ಸುಡಲು 70 ಡಿಗ್ರಿ ಸುಮಾರು ಒಂದು ಸೆಕೆಂಡು ತಗುಲಿದರೆ ಸಾಕು. ಹಾಗಾದರೆ ಈ ಇಕ್ಕಳದ ರಚನೆಯಲ್ಲಿ ಬಹು ಮುಖ್ಯವಾದದ್ದು ಕಾಯುವ ಹಲಗೆಯಲ್ಲ, ಕಾಯದೆ ಉಳಿಯಬೇಕಾದ ಹೊರ ಅಂಚು. ಚರ್ಮವನ್ನು ಮೊದಲು ಮುಟ್ಟುವುದು ಅದು. ಹಲಗೆಯನ್ನು ನೆತ್ತಿಯಿಂದ ದೂರ ನಿಲ್ಲಿಸುವುದೂ ಅದೇ. ನೆಸ್ಲರನ ಎದುರು ತೂಕಗಳು ಮಾಡಿದ ಕೆಲಸವನ್ನು ಈಗ ಆ ಪ್ಲಾಸ್ಟಿಕ್ಕಿನ ತುಟಿ ಮಾಡಬೇಕಾಗಿದೆ. ಅಕ್ಕನದಲ್ಲಿ ಆ ತುಟಿ ಒಂದು ಮಗ್ಗುಲಲ್ಲಿ ಮಾತ್ರ ಇದ್ದಿತು. ಎಡಗೈಗೆ ಬದಲಾಯಿಸಿದ ಕ್ಷಣ ಬರಿಯ ಹಲಗೆಯೇ ಕಿವಿಯ ಕಡೆಗೆ ತಿರುಗುತ್ತಿತ್ತು. ಅವಳಿಗಾಗಿ ಬೇರೊಂದನ್ನು ಹುಡುಕುತ್ತ ನಾನು ಅಂಗಡಿಯಲ್ಲಿ ನಾಲ್ಕಾರು ಪೆಟ್ಟಿಗೆಗಳನ್ನು ತಿರುವಿಹಾಕಿದೆ. ಹಲಗೆ ಎಷ್ಟು ಬಿಸಿಯಾಗುತ್ತದೆಂಬುದು ಎಲ್ಲದರ ಮೇಲೂ ದಪ್ಪಕ್ಷರಗಳಲ್ಲಿತ್ತು. ಅಂಚು ಎಷ್ಟು ಬಿಸಿಯಾಗುತ್ತದೆಂಬುದು ಒಂದರ ಮೇಲೂ ಇರಲಿಲ್ಲ.