ರೆಕ್ಕೆಯೊಳಗಿನ ಗುಟ್ಟು, ಹೊರಗಿನಿಂದಲೇ ರಟ್ಟು!

ಹ್ಯಾಂಗರಿನಲ್ಲಿ ಏಣಿಯ ಮೇಲಿದ್ದವನ ಕೈಯಿಂದ ಸ್ಪ್ಯಾನರ್ ಜಾರಿ ವಿಮಾನದ ರೆಕ್ಕೆಯ ಮೇಲೆ ಬಿತ್ತು ಅಂತಿಟ್ಟುಕೊಳ್ಳಿ. ಅಲ್ಯೂಮಿನಿಯಂ ರೆಕ್ಕೆಯಾದರೆ ತಗ್ಗು ಬಿದ್ದು ತಾನೇ ಚಾಡಿ ಹೇಳುತ್ತದೆ. ಕಾರ್ಬನ್ ಫೈಬರ್ ರೆಕ್ಕೆಯೋ? ಕೆಲವೊಮ್ಮೆ ಒಂದು ಗೀರೂ ಕಾಣದು! ಸವರಿದರೆ ಅದೇ ನುಣುಪು. ಒಳಗೆ ಮಾತ್ರ ಪದರಗಳು ಒಂದರಿಂದೊಂದು ಬಿಟ್ಟುಕೊಂಡಿರುತ್ತವೆ. ಎಷ್ಟೋ ಸಲ ಆಳಕ್ಕಿಳಿದಂತೆಲ್ಲ ಆ ಬಿರುಕು ಇನ್ನಷ್ಟು ಅಗಲ!

ಕಾರ್ಬನ್ ಫೈಬರ್ ಎಲ್ಲೋ ಅಪರೂಪಕ್ಕೆ ಬಳಸುವ ವಸ್ತುವಲ್ಲ. ಬೋಯಿಂಗ್ 787ರ ಒಡಲಿನ ತೂಕದಲ್ಲಿ ಅರ್ಧದಷ್ಟು ಕಾಂಪೊಸಿಟ್, ಅಂದರೆ ಎಳೆ ಮತ್ತು ಅಂಟು ಸೇರಿಸಿ ಮಾಡಿದ ವಸ್ತು. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿದ ನಮ್ಮ ಯುದ್ಧವಿಮಾನ ತೇಜಸ್‌ನಲ್ಲೂ ಸುಮಾರು 45%. ಕೂದಲಿನ ಹತ್ತನೇ ಒಂದು ಪಾಲಿನಷ್ಟು ತೆಳುವಾದ ಎಳೆಗಳು, ಎಪಾಕ್ಸಿ ಅಂಟು, ಪದರದ ಮೇಲೆ ಪದರ, ಆಮೇಲೆ ಆಟೋಕ್ಲೇವ್ ಎಂಬ ಮುಚ್ಚಿದ ಒಲೆಯ ಬಿಸಿ ಮತ್ತು ಒತ್ತಡ. ಎಳೆದರೆ ಜಗ್ಗದ ಹಲಗೆ ಸಿದ್ಧ! ಆದರೆ ಪದರ ಬಿಟ್ಟ ಹಲಗೆಯನ್ನು ಒತ್ತಿದರೆ ಕತೆಯೇ ಬೇರೆ: ಒಂದೊಂದು ತೆಳು ಪದರವೂ ತನ್ನ ಪಾಡಿಗೆ ತಾನು ಬಾಗಿಬಿಡುತ್ತದೆ. ಹಾರುವಾಗ ರೆಕ್ಕೆಯ ತುದಿ ಮೇಲಕ್ಕೆ ಬಾಗುವುದರಿಂದ, ಹಾಗೆ ಒತ್ತಿಸಿಕೊಳ್ಳುವುದು ರೆಕ್ಕೆಯ ಮೇಲ್ಭಾಗ. ಸ್ಪ್ಯಾನರ್ ಬೀಳುವುದೂ ಅಲ್ಲಿಯೇ!

ಕತ್ತರಿಸದೆ ಒಳಗನ್ನು ನೋಡುವುದು ಹೇಗೆ? ಮೊದಲ ಉಪಾಯ ಕೇಳಿದರೆ ನಗು ಬರುತ್ತದೆ: ನಾಣ್ಯದಿಂದ ಕುಟ್ಟುವುದು. ಸಂತೆಯಲ್ಲಿ ಮಡಕೆ ಕೊಳ್ಳುವವರು ಬಡಿದು ಕೇಳುತ್ತಾರಲ್ಲ, ಅದೇ ವಿದ್ಯೆ. ಗಟ್ಟಿ ಇದ್ದಲ್ಲಿ ಟಣ್, ಪದರ ಬಿಟ್ಟಲ್ಲಿ ಡಬ್. ಕೋಟ್ಯಂತರ ರೂಪಾಯಿಯ ವಿಮಾನಗಳ ಮೇಲೆ ಇಂದಿಗೂ ಈ ಕುಟ್ಟಾಟ ನಡೆದೇ ಇದೆ!

ದಪ್ಪ ಹಲಗೆಗೆ ಮಾತ್ರ ಇದು ಸಾಲದು. ಅಲ್ಲಿಗೆ ಬೇಕು ಅಲ್ಟ್ರಾಸೌಂಡ್, ಸೆಕೆಂಡಿಗೆ 50 ಲಕ್ಷ ಸಲ ಕಂಪಿಸುವ, ಕಿವಿಗೆ ಎಟುಕದ ಸದ್ದು. 6 ಮಿಲಿಮೀಟರ್ ದಪ್ಪದ ಹಲಗೆಯನ್ನು ಹೊಕ್ಕು, ತಳ ಮುಟ್ಟಿ ಮರಳಲು ಅದಕ್ಕೆ ಸುಮಾರು 4 ಮೈಕ್ರೊಸೆಕೆಂಡ್ ಸಾಕು. ಎರಡರಲ್ಲೇ ಪ್ರತಿಧ್ವನಿ ಬಂತೋ, ನಟ್ಟನಡುವೆ ಬಿರುಕು. ಕಳ್ಳ ಆಳದ ಸಮೇತ ಸಿಕ್ಕಿಬಿದ್ದ!

ನನಗೆ ಎಲ್ಲಕ್ಕಿಂತ ಸೊಗಸೆನಿಸುವುದು ಇದು: ಈ ಸದ್ದು ಗಟ್ಟಿ ವಸ್ತುವಿನಿಂದ ಗಾಳಿಗೆ ದಾಟಲಾರದು, ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೇ ಚಿಮ್ಮುತ್ತದೆ. ಹಾಗಾಗಿ ಉಪಕರಣಕ್ಕೂ ರೆಕ್ಕೆಗೂ ನಡುವೆ ಸಾಮಾನ್ಯವಾಗಿ ನೀರೋ ಜೆಲ್ಲೋ ಇರಲೇಬೇಕು; ಕಾರ್ಖಾನೆಗಳಲ್ಲಿ ಚಿಮ್ಮುವ ನೀರಿನ ಧಾರೆಯ ಮೂಲಕವೇ ಸದ್ದನ್ನು ಹಾಯಿಸುವುದೂ ಉಂಟು. ಹೊರಗೆ ಇಷ್ಟು ಕಾಟ ಕೊಡುವ ಅದೇ ಗಾಳಿ, ಒಳಗಿನ ಬಿರುಕಿನಲ್ಲಿ ಸೇರಿಕೊಂಡಾಗ ಸದ್ದನ್ನು ತಿರುಗಿಸಿ ಬಿರುಕನ್ನು ಹಿಡಿದುಕೊಡುತ್ತದೆ! ಸಾಲುಸಾಲಾಗಿ ಸ್ಕ್ಯಾನ್ ಮಾಡುತ್ತ ಹೋದರೆ ಪರದೆಯ ಮೇಲೆ ಇಡೀ ರೆಕ್ಕೆಯ ಬಣ್ಣಬಣ್ಣದ ನಕ್ಷೆ. ಬೆಳಕು ಮಿಂಚಿಸಿ ಮೇಲ್ಮೈ ಬಿಸಿ ಮಾಡಿ, ಎಲ್ಲಿ ತಡವಾಗಿ ಆರುತ್ತದೆ ಎಂದು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ನೋಡುವ ದಾರಿಯೂ ಇದೆ.

ಇಷ್ಟೆಲ್ಲ ಜಾಣತನವನ್ನೂ ವಂಚಿಸುವ ಒಂದು ದೋಷವಿದೆ. ಎರಡು ಪದರಗಳು ಪೂರ್ತಿ ತಾಗಿಕೊಂಡಿರುತ್ತವೆ, ನಡುವೆ ಗಾಳಿಯಿಲ್ಲ, ಆದರೆ ಅಂಟು ಹಿಡಿದೇ ಇರುವುದಿಲ್ಲ! ಗಾಳಿಯಿಲ್ಲದ್ದರಿಂದ ಸದ್ದು ಸಲೀಸಾಗಿ ದಾಟುತ್ತದೆ, ನಕ್ಷೆಯಲ್ಲಿ ಎಲ್ಲವೂ ಸರಿ. ಅಂಟು ಇದೆಯೇ ಎಂದು ಹೇಳಬಲ್ಲ ಯಂತ್ರಗಳಿವೆ. ಅದು ಎಷ್ಟು ಗಟ್ಟಿ ಎಂದು ಹೊರಗಿನಿಂದಲೇ ನೆಚ್ಚುವಂತೆ ಅಳೆಯುವ ಯಂತ್ರ ಇನ್ನೂ ಕೈಗೆ ಬಂದಿಲ್ಲ. ಅದಕ್ಕೇ, ಅಂಟಿಸಿ ಮುಗಿಸಬಹುದಾಗಿದ್ದ ಎಷ್ಟೋ ಮುಖ್ಯ ಜೋಡಣೆಗಳಿಗೆ ಎಂಜಿನಿಯರುಗಳು ಇಂದಿಗೂ ತೂತು ಕೊರೆದು ರಿವೆಟ್ ಹೊಡೆಯುತ್ತಾರೆ.